ಎರಡನೆಯ ದಿನದ ಮಗ್ಗ

ದೇವದಾನಪ್ಪ ಮಾಸ್ತರರ ಮಗ್ಗದ ಮನೆಯಲ್ಲಿ ಮಂಗಳವಾರ ಯಾರನ್ನೂ ಹೊಗಳುತ್ತಿರಲಿಲ್ಲ.

ಉಳಿದ ದಿನಗಳ ಮಾತು ಬೇರೆ. ಸಂಜೆ ಲಾಳಿಗಳ ಸದ್ದು ನಿಂತ ಮೇಲೆ ಮಾಸ್ತರರು ಕಿಟಕಿಯ ಬಳಿ ನಿಂತು ಸತ್ಯವೇದ, ಅಂದರೆ ಬೈಬಲ್, ತೆರೆಯುತ್ತಿದ್ದರು. ದೇವರು ಆರು ದಿನಗಳಲ್ಲಿ ಲೋಕವನ್ನು ಉಂಟುಮಾಡಿದ ಕಥೆಯನ್ನು ದಿನಕ್ಕೊಂದರಂತೆ ಓದುತ್ತಿದ್ದರು. ಸೋಮವಾರ ಬೆಳಕು, ಶನಿವಾರ ಮನುಷ್ಯ. ವಾರದ ಮೊದಲ ದಿನ ರವಿವಾರ ಎಂದು ಚರ್ಚಿನ ಅಯ್ಯನವರು ಎಷ್ಟೋ ಸಲ ತಿದ್ದಿದರು. ಮಾಸ್ತರರು ಕೇಳಲಿಲ್ಲ. ಅವರ ಮಗ್ಗ ಶುರುವಾಗುತ್ತಿದ್ದುದು ಸೋಮವಾರ, ಆದ್ದರಿಂದ ಲೋಕವೂ ಸೋಮವಾರವೇ ಶುರುವಾಗಬೇಕಿತ್ತು. ಓದಿದ ಮೇಲೆ ಒಂದೊಂದೇ ಮಗ್ಗದ ಮುಂದೆ ನಿಂತು ಅಂದಿನ ನೇಯ್ಗೆ ಮುಟ್ಟಿ ನೋಡಿ, "ಚೊಲೋ ಆತು" ಎನ್ನುತ್ತಿದ್ದರು. ಆ ಎರಡು ಮಾತು ಕೇಳಿಯೇ ಜನ ಮನೆಗೆ ಹೋಗುತ್ತಿದ್ದರು.

ಇಂಥ ಮಗ್ಗದ ಮನೆಗೆ ಒಂದು ಸೋಮವಾರ ಸಾರವ್ವ ಬಂದಳು. ಆಗ ಅವಳಿಗೆ ಇಪ್ಪತ್ತೆರಡು. ಗಂಡ ತೀರಿಹೋಗಿ ವರ್ಷವಾಗಿತ್ತು. ಮೂರು ವರ್ಷದ ಮಗಳೊಂದಿಗೆ ಮೈದುನನ ಮನೆಯಲ್ಲಿ ಹಂಗಿನ ಕೂಳು ಉಣ್ಣುತ್ತಿದ್ದಳು. ಮಗಳು ಇನ್ನೊಂದು ರೊಟ್ಟಿಗೆ ಕೈ ಚಾಚಿದಾಗಲೆಲ್ಲ ಆ ಮನೆಯವರು ಮುಖ ನೋಡುತ್ತಿದ್ದ ರೀತಿ ಅವಳ ಎದೆಗೆ ನಾಟಿತ್ತು.

"ಶನಿವಾರದ ತಂಕಾ ನೋಡೋಣವಾ. ಕೈ ಕುಂತ್ರ ಇರು. ಇಲ್ಲಂದ್ರ ನಾ ಏನೂ ಮಾಡಾಕಾಗೂದಿಲ್ಲ" ಎಂದರು ಮಾಸ್ತರರು.

ಮೊದಲ ದಿನ ಅವಳು ನೂಲು ಸುತ್ತಿದಳು. ಸಂಜೆ ಮಾಸ್ತರರು "ಚೊಲೋ ಆತು" ಎಂದರು. ಅಂದು ಅವಳಿಗೆ ಮನೆಯ ದಾರಿ ಸವೆದದ್ದೇ ತಿಳಿಯಲಿಲ್ಲ.

ಮರುದಿನ ಮಂಗಳವಾರ. ಮೂಲೆಯ ಮಗ್ಗಕ್ಕೆ ಹೊಸ ಹಾಸು, ಅಂದರೆ ಉದ್ದನೆಯ ಎಳೆಗಳನ್ನು, ಏರಿಸಿದ್ದರು. ಮೇಲೇಳುವ ಎಳೆ ಬೇರೆ, ಕೆಳಗಿಳಿಯುವ ಎಳೆ ಬೇರೆ ಎಂದು ಪಾಲು ಮಾಡಿ, ಒಂದೊಂದನ್ನೂ ದಾರದ ಕುಣಿಕೆಯೊಳಗೆ ತೂರಿಸಬೇಕು. ಒಟ್ಟು ಆರುನೂರು ಎಳೆ. ಈ ಕೆಲಸಕ್ಕೆ ಇಬ್ಬರು ಬೇಕು, ಹಿಂದೆ ಕುಳಿತು ಎಳೆ ಕೊಡುವವರೊಬ್ಬರು, ಮುಂದೆ ಕುಳಿತು ಎಳೆದುಕೊಳ್ಳುವವರೊಬ್ಬರು. ಎಳೆ ಕೊಡುತ್ತಿದ್ದ ಮುದುಕಿ ಅಂದು ಜ್ವರವೆಂದು ಬಂದಿರಲಿಲ್ಲ. ಸಾರವ್ವ ಹಿಂದಕ್ಕೂ ಮುಂದಕ್ಕೂ ಓಡಾಡಿ ಒಬ್ಬಳೇ ಮುಗಿಸಿದಳು. ಸಂಜೆಯ ಹೊತ್ತಿಗೆ ಕಣ್ಣಲ್ಲಿ ನೀರು ಇಳಿಯುತ್ತಿತ್ತು.

ಮಾಸ್ತರರು ಎರಡನೆಯ ದಿನದ ಕಥೆ ಓದಿದರು. ಅವಳ ಕಿವಿ ಅತ್ತ ಇರಲಿಲ್ಲ. ಓದು ಮುಗಿಸಿ ನೇರ ಅವಳ ಮಗ್ಗದ ಬಳಿ ಬಂದರು. ಬಗ್ಗಿದರು. ಎಳೆಗಳ ಮೇಲೆ ಒಮ್ಮೆ ಬೆರಳಾಡಿಸಿದರು. ಏನೂ ಅನ್ನದೆ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಉಳಿದವರೂ ಹೊಗಳಿಕೆಗೆ ಕಾಯದೆ ಎದ್ದು ಹೋದರು. ಅವರು ಹಳಬರು, ಅವರಿಗೆ ದಿನವೂ ಮಾತು ಬೇಕಿಲ್ಲ ಎಂದುಕೊಂಡಳು ಸಾರವ್ವ. ಹೊಸಬಳಿಗೆ ಏನೂ ಅನ್ನಲಿಲ್ಲವೆಂದರೆ ಕೆಲಸ ಕೆಟ್ಟಿದೆ ಎಂದೇ ಅರ್ಥ.

ಬೆಳಕು ಇನ್ನೂ ಇತ್ತು. ಕುಳಿತು, ಆರುನೂರು ಎಳೆಗಳನ್ನೂ ಕುಣಿಕೆಗಳಿಂದ ಕಿತ್ತುಬಿಟ್ಟಳು. ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಬಂದು ಹೊಸದಾಗಿ ಮಾಡುತ್ತೇನೆ ಎಂದುಕೊಂಡಳು.

ಬುಧವಾರ ಮಾಸ್ತರರು ಬಂದಾಗ ಅವಳು ಇಪ್ಪತ್ತು ಎಳೆಯನ್ನೂ ಮುಗಿಸಿರಲಿಲ್ಲ.

"ನಿನ್ನೆ ಹಾಕಿದ ಎಳಿ ಎಲ್ಲಿ ಹೋದ್ವು ಸಾರವ್ವಾ?"

"ನಾನೇ ಕಿತ್ತೇನ್ರಿ. ನೀವು ಏನೂ ಅನ್ನಲಿಲ್ಲ. ತಪ್ಪಾಗೇತಿ ಅಂತ ತಿಳದೆ."

ಮಾಸ್ತರರು ಸತ್ಯವೇದವನ್ನು ತಂದು ಅವಳ ತೊಡೆಯ ಮೇಲಿಟ್ಟರು. "ಎರಡನೇ ದಿನದ್ದು ಓದು" ಎಂದರು.

ಸಾರವ್ವ ಬೆರಳಿಟ್ಟು ಓದಿದಳು. ದೇವರು ನೀರಿನ ನಡುವೆ ಆಕಾಶವನ್ನು ಮಾಡಿದ. ಮೇಲಿನ ನೀರನ್ನೂ ಕೆಳಗಿನ ನೀರನ್ನೂ ಬೇರೆ ಮಾಡಿದ. ಸಂಜೆಯಾಯಿತು, ಬೆಳಗಾಯಿತು. ಅಷ್ಟೇ.

"ಚೊಲೋ ಆತು ಅಂದಾನೇನು ದೇವರು?"

ಅವಳು ಮತ್ತೊಮ್ಮೆ ನೋಡಿದಳು. ಮೊದಲ ದಿನ ಬೆಳಕನ್ನು ನೋಡಿ ಒಳ್ಳೆಯದೆಂದುಕೊಂಡ ದೇವರು ಇಲ್ಲಿ ಏನೂ ಅಂದಿರಲಿಲ್ಲ.

"ಇಲ್ರಿ."

"ಅನ್ನಲಿಲ್ಲ ಅಂತ ಆ ಆಕಾಶಾ ಕಿತ್ತು ಒಗದನೇನು? ಕೆಲಸ ಅರ್ಧಕ್ಕಿತ್ತವಾ. ನೀರು ಸರದು ನೆಲಾ ಕಂಡದ್ದು ಮರುದಿನ. ನೀನೂ ಮ್ಯಾಲಿನ ಎಳಿ ಬ್ಯಾರೆ, ಕೆಳಗಿನ ಎಳಿ ಬ್ಯಾರೆ ಮಾಡಿದ್ದಿ. ಒಂದು ಎಳಿನೂ ತಪ್ಪಿರಲಿಲ್ಲ. ಬಟ್ಟಿ ಇನ್ನೂ ಹುಟ್ಟಿರಲಿಲ್ಲ, ಅಷ್ಟ. ಅದಕ್ಕ ಮಂಗಳವಾರ ನಾನೂ ಯಾರಿಗೂ ಏನೂ ಅನ್ನೂದಿಲ್ಲ."

ಮಗ್ಗದ ಮನೆಯವರೆಲ್ಲ ತಲೆಯಾಡಿಸಿದರು. ಸಾರವ್ವ ಮಾತ್ರ ಪುಸ್ತಕದಿಂದ ತಲೆಯೆತ್ತಲಿಲ್ಲ.

"ದೇವರು ಸುಮ್ಮನಿದ್ದದ್ದು ಖರೇನ್ರಿ" ಎಂದಳು ಮೆಲ್ಲಗೆ. "ಆದ್ರ ಬಿಟ್ಟು ಹೋಗಿಲ್ಲ. ಮರುದಿನಾನೂ ಅದೇ ನೀರಿನ ಹತ್ರನೇ ಅದಾನ. ನೀವು ಚಪ್ಪಲಿ ಹಾಕ್ಕೊಂಡು ಹೋಗಿಬಿಟ್ರಿ."

ಮೂವತ್ತು ವರ್ಷ ಅದೇ ಪುಟ ಓದಿದ್ದ ಮಾಸ್ತರರಿಗೆ ಇದು ಹೊಳೆದಿರಲಿಲ್ಲ. ಅವರು ಚಪ್ಪಲಿ ಕಳಚಿ, ಧೋತರ ಎತ್ತಿ ಕಟ್ಟಿ, ಮಗ್ಗದ ಹಿಂದೆ ನೆಲದ ಮೇಲೆ ಕುಳಿತರು.

"ತಗೋ" ಎಂದು ಮೊದಲ ಎಳೆ ಎತ್ತಿ ಕೊಟ್ಟರು.

ಮಧ್ಯಾಹ್ನದ ತನಕ ಅವರು ಕೊಟ್ಟರು, ಅವಳು ಎಳೆದುಕೊಂಡಳು. ಮಾತು ಕಡಿಮೆ. ನಡುವೆ ಒಮ್ಮೆ "ನಿನ್ನ ಮಗಳಿಗೆ ಹೆಸರೇನು?" ಎಂದು ಕೇಳಿದರು. ಊಟದ ಬಳಿಕ ಅವಳು ಲಾಳಿ ಹಿಡಿದಳು. ಸಂಜೆಗೆ ಗೇಣುದ್ದ ಬಟ್ಟೆ ಹುಟ್ಟಿತ್ತು.

ಅಂದಿನ ಓದು ಮೂರನೆಯ ದಿನದ್ದು. ನೆಲ ಕಾಣಿಸಿತು, ದೇವರು ಒಳ್ಳೆಯದೆಂದುಕೊಂಡ. ಹುಲ್ಲು, ಗಿಡ, ಮರ ಚಿಗುರಿದವು, ಮತ್ತೆ ಒಳ್ಳೆಯದೆಂದುಕೊಂಡ. ಎರಡನೆಯ ದಿನ ಅನ್ನದೆ ಉಳಿಸಿದ ಮಾತನ್ನು ಮೂರನೆಯ ದಿನ ಸೇರಿಸಿ ಅಂದಂತಿತ್ತು. ಮಾಸ್ತರರು ಪುಸ್ತಕ ಮುಚ್ಚಿ ಮೂಲೆಯ ಮಗ್ಗಕ್ಕೆ ಬಂದರು. ಬಟ್ಟೆ ಮುಟ್ಟಿ "ಚೊಲೋ ಆತು" ಎಂದರು. ಹೊರಟವರು ಬಾಗಿಲಲ್ಲಿ ತಿರುಗಿ ನಿಂತು, "ಚೊಲೋ ಆತವಾ" ಎಂದು ಇನ್ನೊಮ್ಮೆ ಅಂದರು.

ಸಾರವ್ವನಿಗೆ ಶನಿವಾರದ ಭಯ ಅಂದೇ ಹೋಯಿತು. ಮುಂದಿನ ತಿಂಗಳು ಮಗಳೊಂದಿಗೆ ಬೇರೆ ಮನೆ ಮಾಡಿದಳು. ಮಂಗಳವಾರದ ಪದ್ಧತಿಯೂ ತುಸು ಬದಲಾಯಿತು. ಹೊಗಳಿಕೆ ಆಗಲೂ ಇರಲಿಲ್ಲ. ಆದರೆ ಮಾಸ್ತರರು ಬರಿಗಾಲಲ್ಲಿ ಒಂದೊಂದು ಮಗ್ಗದ ಪಕ್ಕದಲ್ಲೂ ತುಸು ಹೊತ್ತು ಕುಳಿತೇ ಹೋಗುತ್ತಿದ್ದರು.

ಈಗ ಮಾಸ್ತರರಿಲ್ಲ. ಮಗ್ಗದ ಮನೆ ಇದ್ದಲ್ಲಿ ಸಿಮೆಂಟಿನ ಗೋದಾಮು ಇದೆ. ಸಾರವ್ವನಿಗೆ ಎಪ್ಪತ್ತು ದಾಟಿದೆ. ಲಾಳಿಯ ಸದ್ದು, ಗಂಜಿ ಹಾಕಿದ ನೂಲಿನ ವಾಸನೆ ಇಂದಿಗೂ ಅವಳ ನೆನಪಿನಲ್ಲಿವೆ. ಅವಳ ಬದುಕಿನಲ್ಲಿ ದೇವರು ಏನೂ ಅನ್ನದ ದಿನಗಳು ಆಮೇಲೆ ಬೇಕಾದಷ್ಟು ಬಂದವು. ಅಂಥ ದಿನ ಅವಳು ಏನನ್ನೂ ಕಿತ್ತುಹಾಕಲಿಲ್ಲ. ಮಗ್ಗದ ಹಿಂದೆ ಯಾರೋ ಕುಳಿತಿದ್ದಾರೆ ಎಂದು ನಂಬಿ, ಮುಂದಿನ ಎಳೆಗೆ ಕೈ ಚಾಚಿದಳು.

ನೀತಿ: ಸೃಷ್ಟಿಕರ್ತನ ಕೆಲಸದಲ್ಲೂ ಹೊಗಳಿಕೆಯಿಲ್ಲದ ಒಂದು ದಿನವಿತ್ತು, ಆದರೆ ಅವನಿಲ್ಲದ ದಿನವಿರಲಿಲ್ಲ. ಅರ್ಧಕ್ಕಿರುವುದನ್ನು ಕೆಟ್ಟಿತೆಂದು ಕಿತ್ತುಹಾಕಬೇಡಿ. ಅರ್ಧ ಕೆಲಸದಲ್ಲಿರುವವರನ್ನು ಬಿಟ್ಟು ಎದ್ದು ಹೋಗಲೂ ಬೇಡಿ.