ಹಾಡು ಕದ್ದ ಹೆಂಗಸರು

ಈ ಕತೆಯನ್ನು ನನಗೆ ಮೊದಲು ಹೇಳಿದವಳು ನಮ್ಮ ಸೋದರತ್ತೆ ಪುಟ್ಟತಾಯಮ್ಮ. ಟೂರಿಂಗ್ ಟಾಕೀಸಿನ ಹೆಂಗಸರ ಗೇಟಿನಲ್ಲಿ ಟಿಕೆಟ್ ಹರಿಯುತ್ತಿದ್ದವಳು. ಅವಳ ಕತೆಯ ರಾಜ್ಯದಲ್ಲಿ ಆನೆಯೂ ಇತ್ತು, ಲೌಡ್‌ಸ್ಪೀಕರೂ ಇತ್ತು. ಯಾವ ಕಾಲದ್ದು ಅತ್ತೆ ಎಂದರೆ, "ಸುಮ್ನೆ ಕೇಳೇ" ಅನ್ನುತ್ತಿದ್ದಳು. ನೀವೂ ಸುಮ್ಮನೆ ಕೇಳಿ.

ಡಂಗುರದವನು ಸಾರಿದ: "ಕೇಳ್ರಪ್ಪೋ ಕೇಳಿ! ಸಿಂಗಣಭೂಪ ಮಹಾಸ್ವಾಮಿಯವರು ತೆಗೆಸಿದ ಸಿನಿಮಾದ ಹಾಡಿನ ಮೇಲೆ ರಾಜಕುಮಾರಿ ಹೊನ್ನಾಂಬಿಕೆಯವರು ಮೂರು ಒಗಟು ಕೇಳುತ್ತಾರೆ. ಬಿಡಿಸಿದವರಿಗೆ ಬೇಡಿದ್ದು ಕೊಡಲಾಗುವುದು. ಒಂದು ತಪ್ಪಿದರೂ ತಲೆ ತೆಗೆಯಲಾಗುವುದು!"

ಆ ಹಾಡು ಕೇಳದ ಕಿವಿ ರಾಜ್ಯದಲ್ಲಿರಲಿಲ್ಲ. "ಕೆನ್ನೆ ಮುಟ್ಟಲೇ ಚೆಲುವೆ" ಎಂದು ನಾಯಕ ನಾಯಕಿಯ ಹಿಂದೆ ಓಡುವ ಹಾಡು. ಕಟ್ಟಿದವರು ಆಸ್ಥಾನದ ಸಂಗೀತ ನಿರ್ದೇಶಕ ನಾದಶೇಖರರು. ಅವರ ಅಪ್ಪಣೆಯಿಲ್ಲದೆ ಹಾಡುವುದು ಕಳ್ಳತನ ಎಂಬ ಕಾನೂನೂ ಆಗಿತ್ತು.

ಆ ಕಾನೂನಿಗೆ ಸಿಕ್ಕಿಬಿದ್ದವಳು ದ್ಯಾವಮ್ಮ. ಅವಳದು ಗಾರೆ ಕೆಲಸದ ಗುಂಪು. ಸುಣ್ಣದ ಗಾರೆ ಹಾಸಿದ ಮಾಳಿಗೆಯ ಮೇಲೆ ಹೆಂಗಸರು ಎದುರುಬದುರು ಸಾಲಾಗಿ ಕೂತು, ಮರದ ಕೊಡತಿಯಿಂದ ಬಡಿದು ಗಟ್ಟಿ ಮಾಡುತ್ತಿದ್ದರು, ಬಡಿಯುತ್ತಾ ಹಾಡುತ್ತಿದ್ದರು. ಕಾವಲಿನವರು ರಾಗ ಕೇಳಿ ಮೇಲೆ ಹತ್ತಿ, ಗುಂಪನ್ನೆಲ್ಲ ಎಳೆದೊಯ್ದು ಸೆರೆಗೆ ಹಾಕಿದರು.

"ಇದು ನಮ್ಮವ್ವನ ಕಾಲದ ಹಾಡು ಕಣಪ್ಪಾ" ಎಂದಳು ದ್ಯಾವಮ್ಮ.

"ಸಿನಿಮಾ ಬಂದದ್ದು ಮೊನ್ನೆ. ನಿಮ್ಮವ್ವ ಅದ್ಯಾವಾಗ ನೋಡಿದ್ಳು?" ಎಂದು ಅವರು ನಕ್ಕರು.

ಅವಳ ಮಗ ಸಣ್ಣೀರ ಸುಣ್ಣ ಹೊರುವವನು. ಅರಮನೆಯ ಬಾಗಿಲಲ್ಲಿ ಎಷ್ಟು ಅಂಗಲಾಚಿದರೂ ಒಳಗೆ ಬಿಡಲಿಲ್ಲ. ತಲೆ ಪಣಕ್ಕಿಟ್ಟವನನ್ನು ಮಾತ್ರ ಯಾರೂ ತಡೆಯುವಂತಿರಲಿಲ್ಲ. ಒಗಟಿಗೆ ಬಂದಿದ್ದೇನೆ ಎಂದ. ಬಾಗಿಲು ತೆರೆಯಿತು.

ಸಭೆಯಲ್ಲಿ ಹೊನ್ನಾಂಬಿಕೆ ಹೇಳುತ್ತಿದ್ದಳು: "ಈ ಹಾಡು ಕೇಳಿದಾಗಲೆಲ್ಲ ನನಗೆ ಅಳು ಬರುತ್ತೆ. ಯಾಕೆ ಅಂತ ಗೊತ್ತಿಲ್ಲ. ಉತ್ತರ ಹೇಳಿ, ಹಾಡಿ ತೋರಿಸಿ. ಸರಿಯೋ ತಪ್ಪೋ ಹಾಡೇ ಹೇಳುತ್ತೆ. ಮೊದಲನೆಯದು: ಈ ಹಾಡಿನಲ್ಲಿ ಉಸಿರೆಳೆಯಲು ಜಾಗವೇ ಇಲ್ಲ, ಹಾಡಿದ ಗಾಯಕರು ಮೂರ್ಛೆ ಹೋದರು. ಆದರೂ ಹಾಡು ದಣಿಯುವುದಿಲ್ಲ. ಇದಕ್ಕೆ ಉಸಿರು ಎಲ್ಲಿಂದ ಬಂತು?"

ಶಾಲು ಹೊದ್ದ ಪಂಡಿತರೊಬ್ಬರು "ಪ್ರಾಣಾಯಾಮದಿಂದ" ಎಂದು ಹಾಡಲು ಹೊರಟು, ಎರಡನೇ ಸಾಲಿಗೆ ಕೆಮ್ಮುತ್ತಾ ಕೂತರು. ಪಕ್ಕದ ಸೀಮೆಯ ಯುವರಾಜ "ಪ್ರೇಮದಿಂದ" ಎಂದ. ಪ್ರೇಮವೂ ಎರಡನೇ ಸಾಲಿಗೇ ಮುಗಿಯಿತು. ಕತ್ತಿಯವನು ಇಬ್ಬರನ್ನೂ ಪಕ್ಕಕ್ಕೆ ನಿಲ್ಲಿಸಿಕೊಂಡ.

"ಮುಂದೆ ಯಾರು? ಸುಣ್ಣದ ಗೊಂಬೆಯಾ?" ಎಂದು ಯಾರೋ ನಕ್ಕರು. ಸಣ್ಣೀರ ಮೈಯೆಲ್ಲ ಬಿಳಿಯಾಗಿಯೇ ಬಂದಿದ್ದ.

"ಅಮ್ಮಣ್ಣಿಯವರೇ, ಇದು ಒಬ್ಬರು ಹಾಡೋ ಹಾಡಲ್ಲ. ಎರಡು ಸಾಲು ಜನ ಬೇಕು. ಈ ಸಾಲಿನವರು ಹಾಡುವಾಗ ಆ ಸಾಲಿನವರು ಉಸಿರೆಳಕೋತಾರೆ." ದಾಸಿಯರನ್ನು ಎರಡು ಸಾಲು ಕೂರಿಸಿ, ಒಂದು ಸಾಲಿನವರಾದ ಮೇಲೆ ಇನ್ನೊಂದು ಸಾಲಿನವರಂತೆ ಹಾಡಿಸಿದ. ಯಾರಿಗೂ ದಣಿವಾಗಲಿಲ್ಲ. ಹಾಡು ನದಿಯಂತೆ ಹರಿಯಿತು. ಸಭೆಯ ನಗು ನಿಂತಿತು.

"ಎರಡನೆಯದು. ಪ್ರತಿ ಸಾಲಿನ ಕೊನೆಗೆ ಒಂದು ಖಾಲಿ ಜಾಗ. ಏನನ್ನು ತುಂಬಿದರೂ ಹಾಡು ಕುಸಿಯುತ್ತೆ. ಅಲ್ಲಿರಬೇಕಾದ್ದೇನು?" ಅವಳು ತಿರುಗಿದಳು. "ನಾದಶೇಖರರೇ, ಬಿಟ್ಟವರು ನೀವು. ಯಾಕೆ ಬಿಟ್ಟಿರಿ?"

"ಅದು... ಸ್ಫೂರ್ತಿ, ಅಮ್ಮಣ್ಣಿ. ತಬಲ ತುಂಬಿದೆ, ಪಿಟೀಲು ತುಂಬಿದೆ, ಯಾವುದೂ ಕೂರಲಿಲ್ಲ. ಇದ್ದ ಹಾಗೇ ಬಿಟ್ಟೆ."

"ಎಲ್ಲಿ ಇದ್ದ ಹಾಗೆ?" ಎಂದಳು ಅವಳು.

ಸಣ್ಣೀರ ಬಾಯಲ್ಲಿ ಹೇಳಲಿಲ್ಲ. ದಾಸಿಯರು ಹಾಡುತ್ತಿದ್ದಂತೆ ಆ ಖಾಲಿ ಜಾಗಕ್ಕೆ ಸರಿಯಾಗಿ ಹಿಮ್ಮಡಿಯಿಂದ ನೆಲಕ್ಕೆ ಬಡಿದ. ಧಪ್. ಮತ್ತೆ, ಧಪ್. "ಕೊಡತಿ ಬೀಳೋ ಜಾಗ ಅದು, ಅಮ್ಮಣ್ಣಿ. ಬಡಿಯೋರೇ ಬಿಟ್ಟಿದ್ದು." ದಾಸಿಯರ ಅಂಗೈಗಳು ತಾವಾಗಿ ನೆಲಕ್ಕೆ ಬಿದ್ದವು. ಮಂತ್ರಿಗಳ ಪಾದ ಬಡಿಯಿತು. ಕತ್ತಿಯವನ ಕತ್ತಿಯ ಹಿಡಿ, ಅವನಿಗೇ ತಿಳಿಯದಂತೆ, ಕಂಬಕ್ಕೆ ಬಡಿಯಿತು. ಇಡೀ ಅರಮನೆ ಒಂದೇ ಎದೆಯಾಗಿ ಮಿಡಿಯಿತು.

ಹೊನ್ನಾಂಬಿಕೆಯ ದನಿ ತಗ್ಗಿತು. "ಮೂರನೆಯದು. ಈ ಹಾಡಿನ ಮಾತು ನಗುತ್ತೆ, ರಾಗ ಅಳುತ್ತೆ. ಸುಳ್ಳು ಹೇಳುತ್ತಿರೋದು ಯಾವುದು?"

"ಮಾತು, ಅಮ್ಮಣ್ಣಿ."

"ನಿಜವಾದ ಮಾತು ಯಾವುದು?"

ಸಣ್ಣೀರ ರಾಜನ ಮುಖ ನೋಡಿದ. "ಹೇಳಿದರೆ ಮಹಾಸ್ವಾಮಿಯವರಿಗೆ ಸಿಟ್ಟು ಬಂದೀತು."

"ಹೇಳದಿದ್ರೂ ತಲೆ ಹೋಗ್ತದೆ ಕಣಪ್ಪ" ಎಂದು ಕತ್ತಿಯವನು ಮೆಲ್ಲಗೆ ನೆನಪಿಸಿದ. ಅವನಿಗೂ ಹಾಡು ಕೇಳಬೇಕಿತ್ತು.

ಸಣ್ಣೀರ ಕಣ್ಣು ಮುಚ್ಚಿ, ಸೆರೆಯಲ್ಲಿದ್ದ ಅವ್ವನ ಕೈಗಳನ್ನು ನೆನೆದು ಹಾಡಿದ:

"ಸುಣ್ಣ ತಿಂದ ಕೈಯಿ ತಾಯಿ, ಕೂಸಿನ
ಕೆನ್ನೆ ಮುಟ್ಟಲೆಂಗೆ?
ನೀ ಮಲಗೋ ಮಾಳಿಗೆ ತಂಪು ದೊರೆಯೇ,
ನನ್ನ ಕೂಸು ಬಿಸಿಲಾಗೆ."

ಹೊನ್ನಾಂಬಿಕೆಯ ಕೆನ್ನೆ ಒದ್ದೆಯಾಯಿತು. ಈ ಸಲ ಯಾಕೆಂದು ಗೊತ್ತಿತ್ತು. ರಾಜ ತಲೆಯೆತ್ತಿ ಮಾಳಿಗೆ ನೋಡಿದ. ಹುಟ್ಟಿದಾಗಿನಿಂದ ಅದರ ಕೆಳಗೆ ಮಲಗಿದ್ದವನು, ಅವತ್ತು ಮೊದಲ ಸಲ ನೋಡಿದ.

"ಏನು ಬೇಕು, ಕೇಳು" ಎಂದ ಕೊನೆಗೆ.

"ನಮ್ಮವ್ವನ್ನ, ಅವಳ ಗುಂಪನ್ನ ಬಿಟ್ಟುಬಿಡಿ, ಬುದ್ಧಿ."

"ಅದು ನ್ಯಾಯ. ಬಹುಮಾನ ಕೇಳು."

"ಹಂಗಾದ್ರೆ ತೆರೆ ಮ್ಯಾಲಿನ ಹೆಸರು ತಿದ್ದಿಸಿ. ಹಾಡಿಗೆ ಅದರ ಮಾತು ವಾಪಸ್ ಕೊಡಿ." ಕತ್ತಿಯವನ ಪಕ್ಕದಲ್ಲಿದ್ದ ಪಂಡಿತರು, ಯುವರಾಜರತ್ತ ನೋಡಿ ಸೇರಿಸಿದ: "ಇವರ ತಲೆಗಳೂ ಇರಲಿ ಬುದ್ಧಿ, ಪಾಪ."

ದ್ಯಾವಮ್ಮನನ್ನು ಕರೆತಂದರು. "ಹಾಡು ನಿನ್ನದೇನಮ್ಮಾ?" ಎಂದ ರಾಜ.

"ನಂದೊಬ್ಬಳದೇ ಅನ್ನೋಕೆ ನಾನೇನು ಸಂಗೀತ ನಿರ್ದೇಶಕೀನೇ ಬುದ್ಧಿ? ಬಡಿಯೋರೆಲ್ಲರದು."

ಗಾರೆಯವರ ಕೂಸುಗಳಿಗೆ ಅಂದೇ ಅರಮನೆಯ ನೆರಳಲ್ಲಿ ತೊಟ್ಟಿಲು ಕಟ್ಟಿಸಿದರು. ನಾದಶೇಖರರನ್ನು ಕೊಡತಿ ಕೊಟ್ಟು ಸಾಲಿನಲ್ಲಿ ಕೂರಿಸಿದರು. ಸಂಜೆಗೆ ಕೈ ಬೊಬ್ಬೆ ಬಂದು, ರಾಗ ತಾನಾಗಿ ಬಂತಂತೆ. ಆಸ್ಥಾನದ ಹಾಡುಗಾರನ ಪಟ್ಟ ಸಣ್ಣೀರನಿಗಾಯಿತು. "ನಂಗೆ ಬರೆಯೋಕೆ ಬರಲ್ಲ" ಎಂದ. "ನೀನು ಹೇಳು, ನಾನು ಬರೆಯುತ್ತೇನೆ" ಎಂದಳು ಹೊನ್ನಾಂಬಿಕೆ.

ಮುಂದಿನ ಆಟಕ್ಕೆ ತೆರೆಯ ತುಂಬ ಗಾರೆಯವರ ಹೆಸರು ಬಂದಾಗ ಚಿತ್ರಮಂದಿರ ಎದ್ದು ನಿಂತಿತು.

ನೀವೂ ಈ ಕತೆಯನ್ನು ಯಾರಿಗಾದರೂ ಹೇಳಿ. ನಿಮಗೆ ಬೇಕಾದಂತೆ ಹೇಳಿ, ಬೇಡವೆನ್ನುವುದಿಲ್ಲ. ದ್ಯಾವಮ್ಮನ ಹೆಸರನ್ನು ಮಾತ್ರ ಬಿಡಬೇಡಿ.