ದುಗ್ಗಿ ಬಾರದ ಬಂಡೆ

ಮಡಲಕೋಡಿಯ ಕಡಲದಂಡೆಯಲ್ಲಿ, ದೋಣಿಗಳನ್ನು ಎಳೆದು ಹಾಕುವ ಜಾಗದಿಂದ ಕೂಗಳತೆ ದೂರಕ್ಕೆ, ಎಮ್ಮೆ ಮಲಗಿದಂತೆ ಒಂದು ಕರಿಯ ಬಂಡೆಯಿದೆ. ಅದರ ನೆತ್ತಿಯ ಮೇಲೆ ಸವೆದುಹೋದ ಶಿಲುಬೆಯ ಗೀಟು ಕಂಡು ಯಾತ್ರಿಕರು 'ತೋಮನ ಬಂಡೆ' ಎನ್ನುತ್ತಾರೆ. ಊರವರು ಒಪ್ಪುವುದಿಲ್ಲ, ಅದು ದುಗ್ಗಿ ಬಾರದ ಬಂಡೆ. ಯೇಸುವಿನ ಶಿಷ್ಯ ತೋಮ ಇಲ್ಲಿಗೆ ಬಂದಿದ್ದನೇ ಇಲ್ಲವೇ ಎಂಬುದನ್ನು ಓದಿದವರು ಜಗಳವಾಡಿ ತೀರ್ಮಾನಿಸಲಿ. ಹೇಳುವವರ ಬಾಯಿ ಕಟ್ಟಲಾದೀತೇ?

ಹಿಂದೆ ಒಮ್ಮೆ ಈ ದಂಡೆಯಲ್ಲಿ ದುಗ್ಗಿ ಎಂಬ ವಿಧವೆಯಿದ್ದಳು. ಅವಳ ಒಬ್ಬನೇ ಮಗ, ಬಡಿಯ ಎಂಬವನು, ಕಡಲಿಗೆ ಹೋದವನು ಬಿರುಗಾಳಿಗೆ ಸಿಕ್ಕು ಮರಳಲಿಲ್ಲ. ಹದಿನಾರು ದಿನ ಕಾಯುವುದು ಆ ಕಾಲದ ಕಟ್ಟಳೆ. ಹದಿನೇಳನೆಯ ದಿನ ಹುಲ್ಲಿನ ಬೊಂಬೆ ಸುಟ್ಟು ಉತ್ತರಕ್ರಿಯೆ ಮಾಡಿದರೆ ಮುಗಿಯಿತು. ಆಮೇಲೆ ಆ ರೂಪದಲ್ಲಿ ಯಾರು ಬಂದರೂ ಪ್ರೇತವೇ. ಮುಟ್ಟಿದರೆ ಮನೆಯಲ್ಲಿ ಉಳಿದವರನ್ನೂ ಎಳೆದೊಯ್ಯುತ್ತದೆ. ದುಗ್ಗಿ ಎದೆ ಕಲ್ಲು ಮಾಡಿಕೊಂಡು ಬೊಂಬೆ ಸುಟ್ಟಳು. ಇಪ್ಪತ್ತನೆಯ ದಿನ ಮಧ್ಯಾಹ್ನ ಬಡಿಯ ಬಂದ! ಮುರಿದ ಹಲಗೆ ಹಿಡಿದು ಎಲ್ಲೋ ದಡ ಸೇರಿದವನು ಜ್ವರದಲ್ಲಿ ಬೇಯುತ್ತ ದಂಡೆಗುಂಟ ನಡೆದು ಬಂದಿದ್ದ. "ಅಬ್ಬೇ, ನಾ ಬಂದೆ, ಕಾಣ್" ಎಂದು ಅಂಗಳದಾಚೆಯಿಂದ ಕೂಗಿದ. ದನಿ ಅವನದೇ. ದುಗ್ಗಿ ಹೊಸ್ತಿಲಿಗೆ ಓಡಿ ಬಂದಳು. ಆದರೆ ಒಳಗೆ ತುಂಬು ಬಸುರಿ ಮಗಳು ಮಲಗಿದ್ದಳು. ದುಗ್ಗಿ ಬಾಗಿಲು ಹಾಕಿಕೊಂಡಳು. ಅಯ್ಯೋ, ಆ ತಾಯಿಯನ್ನು ಬೈಯುವುದಾದರೂ ಹೇಗೆ? ಊರವರು ಕೋಲು ತೋರಿಸಿ ಅಟ್ಟಿದರು. ಅವನು ಹೋಗಿ ಆ ಬಂಡೆಯ ಮೇಲೆ ಬಿದ್ದುಕೊಂಡ.

ಆಗ ದಂಡೆಯಲ್ಲಿ ಪಡುವಣ ದೇಶದ ಬಡಗಿಯೊಬ್ಬ ದೋಣಿ ದುರಸ್ತಿ ಮಾಡಿಕೊಂಡಿದ್ದ. ಅವನೇ ತೋಮ ಎನ್ನುತ್ತಾರೆ. ಬಡಿಯನಿಗೆ ಉಪಚಾರ ಮಾಡಿ, ಸಂಜೆಗೆ ದುಗ್ಗಿಯ ಬಾಗಿಲಿಗೆ ಬಂದು, "ತಾಯೀ, ಕೈ ಹಿಡಿದು ನೋಡಿದೆ, ಕೆಂಡದಂತೆ ಸುಡುತ್ತಿದೆ. ಪ್ರೇತಕ್ಕೆ ಜ್ವರ ಬರುತ್ತದೆಯೇ?" ಎಂದ. "ಪರದೇಶಿ, ನಮ್ಮ ಕಟ್ಟಳೆ ನಿನಗೇನು ಗೊತ್ತು?" ಎಂದಳು ದುಗ್ಗಿ ಒಳಗಿನಿಂದಲೇ. ತೋಮ ಜಗುಲಿಯಲ್ಲಿ ಕುಸಿದು ಕುಳಿತ. "ನನ್ನ ಗುರು ಸತ್ತು ಮೂರನೆಯ ದಿನ ಎದ್ದು ಬಂದ. ಕಂಡವರು ಬಂದು ಹೇಳಿದರೂ, ಅವನ ಗಾಯದಲ್ಲಿ ಬೆರಳಿಡದೆ ನಂಬೆ ಎಂದೆ. ಅಷ್ಟು ಸೊಕ್ಕು ನನಗೆ. ಎಂಟು ದಿನದ ಮೇಲೆ ಅವನೇ ಬಂದು ಕೈ ಚಾಚಿದ, ಸಿಟ್ಟಾಗಲಿಲ್ಲ. ಆದರೆ ಆ ಎಂಟು ದಿನ ನನಗೆ ಮರಳಿ ಸಿಗಲಿಲ್ಲ, ತಾಯೀ." ದುಗ್ಗಿ ಬಾಗಿಲು ತೆರೆಯದೆಯೇ, ಮಗಳ ಹೆರಿಗೆಯಾಗಲಿ, ಬರುತ್ತೇನೆ ಎಂದಳು.

ಮೂರನೆಯ ಬೆಳಿಗ್ಗೆ ಮೊಮ್ಮಗ ಹುಟ್ಟಿದ. ದುಗ್ಗಿ ಎದ್ದೆನೋ ಬಿದ್ದೆನೋ ಎಂದು ಬಂಡೆಗೆ ಓಡಿದಳು. ಬಡಿಯನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ತೋಮ ಮುಖವೆತ್ತಲಿಲ್ಲ. ಮಗನ ಉಸಿರು ನಿಂತಿತ್ತು. ಕೈ ಹಿಡಿದಳು, ಇನ್ನೂ ಬೆಚ್ಚಗಿತ್ತು. "ಮನುಷ್ಯನೇ ಆಗಿದ್ದನಲ್ಲಾ!" ಎಂದು ಎದೆ ಬಡಿದುಕೊಂಡು ಅತ್ತಳು. ಬಂಡೆಗೆ ಆ ಹೆಸರಿಟ್ಟವಳೂ ಅವಳೇ. ಮುದುಕಿಯಾದ ಮೇಲೆ ಯಾರಾದರೂ "ಕಡೆಗೂ ಬಂದಿದ್ದೆಯಲ್ಲ ಅಜ್ಜಿ" ಎಂದು ಸಮಾಧಾನ ಹೇಳಿದರೆ, "ಇಲ್ಲ, ನಾ ಬರ್ಲಿಲ್ಲ" ಎನ್ನುತ್ತಿದ್ದಳಂತೆ.

ಮಡಲಕೋಡಿಯಲ್ಲಿ ದೋಣಿ ದಡಕ್ಕೆ ಬಂದೊಡನೆ ಹೆಂಗಸರು ಬುಟ್ಟಿ ಇಳಿಸಿ ಮೊದಲು ಗಂಡಸರ ಕೈ ಹಿಡಿಯುವುದನ್ನು ಅಲ್ಲಿಗೆ ಹೋದವರು ಇಂದಿಗೂ ಕಾಣಬಹುದು. ಮೀನಿನ ಮಾತು ಆಮೇಲೆ. ಕಡಲಿನಿಂದ ಬಾರದವರಿಗೆ ಆ ಊರಿನಲ್ಲಿ ಉತ್ತರಕ್ರಿಯೆಯಿಲ್ಲ. ನಲವತ್ತು ವರ್ಷದಿಂದ ಗಂಡನಿಗಾಗಿ ದಂಡೆಗೆ ಬರುವ ಮುದುಕಿಯೊಬ್ಬಳನ್ನು ಇನ್ನೆಷ್ಟು ದಿನ ಎಂದು ಕೇಳಿದರೆ, "ಬಂದ್ರೆ ಕೈ ಹಿಡುಕೆ ಜನ ಬೇಕಲ್ದಾ?" ಎನ್ನುತ್ತಾಳೆ.