ಒಗ್ಗರಣೆಗೆ ಒಂದೇ ಕೈ

“ಕೇಳ್ರಪ್ಪೋ ಕೇಳಿ! ಕುವರಿ ಪದ್ಮಾಂಬೆಯವರು ಸಾಫ್ಟ್‌ವೇರ್ ಬರೆಯುವ ಕಂಪ್ಯೂಟರಿಗೆ ತಕ್ಕ ಪ್ರೊಸೆಸರ್ ಆರಿಸಬೇಕಾಗಿದೆ. ದೊರೆಗಳ ಮೂರು ಒಗಟು ಬಿಡಿಸಿದವನೇ ಆರಿಸತಕ್ಕದ್ದು. ಬಿಡಿಸಿದವನಿಗೆ ಕೇಳಿದ್ದು ಸಿಗುತ್ತದೆ, ತಪ್ಪಿದವನ ತಲೆ ಹೋಗುತ್ತದೆ!”

ಬಿಳಿಕೋಟೆಯಲ್ಲಿ ಹೀಗೆ ಡಂಗುರ ಸಾರಿದ್ದೇ ತಡ, ಜನ ನುಗ್ಗಿದರು. ಆಸೆ ಯಾರನ್ನು ಬಿಟ್ಟೀತು ಹೇಳಿ? ಮದುವೆಮನೆಗಳಲ್ಲಿ ಅಡಿಗೆ ಮಾಡುವ ಭರಮನೂ ಹೋದ, ಹೋದವನು ಮನೆಗೆ ಬರಲಿಲ್ಲ. ಮಾರನೆಯ ದಿನ ಅವನ ತಮ್ಮ ಲಕ್ಕ ಕೋಟೆಬಾಗಿಲಿಗೆ ಬಂದು, “ನಮ್ಮಣ್ಣ ಎಲ್ಲಿ?” ಅಂತ ಕೇಳಿದ. ಕಾವಲಿನ ಮುದುಕ ಮುಖ ತಿರುಗಿಸಿಕೊಂಡು, “ಸೆರೆಮನೆಯಲ್ಲಿದ್ದಾನೆ ಕಣಪ್ಪ” ಅಂದ. ಬಿಡಿಸಿಕೊಂಡು ಬರಲು ಇದ್ದದ್ದು ಒಂದೇ ದಾರಿ, ಒಗಟು ಗೆದ್ದು ಅವನನ್ನೇ ಕೇಳುವುದು. ಒಗಟು ತನಗೆಲ್ಲಿ ಬಂದೀತು? ಸತ್ತರೆ ಅಣ್ಣನ ಜೊತೆಗೇ ಸಾಯೋಣ ಅಂತ ಲಕ್ಕ ಒಳಹೊಕ್ಕ.

ಸಭೆಯಲ್ಲಿ ಅವನಿಗಿಂತ ಮುಂದೆ ಒಬ್ಬ ಜವಳಿ ಸಾಹುಕಾರ, ಒಬ್ಬ ಕುದುರೆಪಡೆಯ ಸರದಾರ ನಿಂತಿದ್ದರು. ದೊರೆ ಸಾಹುಕಾರನನ್ನು ಕೇಳಿದ: “ಉಗ್ರಾಣದ ತುಂಬ ಸಾಮಾನಿದೆ. ಆದರೂ ಕೆಲಸಗಾರ ಬರಿಗೈಲಿ ಕಾಯುತ್ತಾನೆ. ಅವನಿಗೆ ಇಲ್ಲದ್ದೇನು?”

“ಇನ್ನೂ ದೊಡ್ಡ ಉಗ್ರಾಣ, ಮಹಾಸ್ವಾಮಿ!” ಭಟರು ಅವನನ್ನು ಎಳೆದೊಯ್ದರು.

ಎರಡನೆಯದು ಸರದಾರನಿಗೆ. “ಓಡಿದಷ್ಟೂ ಮೈ ಬಿಸಿಯೇರುತ್ತದೆ, ಬಿಸಿಯೇರಿದಷ್ಟೂ ಕಾಲು ನಿಧಾನವಾಗುತ್ತದೆ. ಇಂಥವನನ್ನು ಓಡಿಸುವುದು ಹೇಗೆ?”

“ಚಾವಟಿಯಿಂದ!” ಅವನ ಕತೆಯೂ ಮುಗಿಯಿತು.

“ಎರಡನ್ನೂ ನೀನೇ ಬಿಡಿಸು,” ಅಂದ ದೊರೆ. ಲಕ್ಕ ಕೈಮುಗಿದ.

“ಬುದ್ಧಿ, ನಂಗೊತ್ತಿರೋದು ಅಡಿಗೆಮನೆ ಒಂದೇ. ಸಾಸಿವೆಗೆ ಪ್ರತಿಸಲ ಉಗ್ರಾಣಕ್ಕೆ ಓಡಿದರೆ ಎಣ್ಣೆ ಸೀದುಹೋಗುತ್ತೆ. ಒಗ್ಗರಣೆ ಡಬ್ಬಿ ಕೈಗೆಟುಕೋ ಹಾಗಿರಬೇಕು. ಇನ್ನು ಆ ಓಡೋನಿಗೆ ಗಾಳಿ ಬೇಕು. ಒಲೆ ಮುಂದೆ ನಿಂತೋರಿಗೆ ನಾವು ಬೀಸಣಿಗೆ ಬೀಸ್ತೀವಿ.”

ದೊರೆಯ ಪಕ್ಕದಲ್ಲಿದ್ದ ಕುವರಿ ತಟ್ಟನೆ ತಲೆಯೆತ್ತಿದಳು. ದೊರೆ ಮೂರನೆಯದನ್ನು ಹಾಕಿದ: “ಹದಿನಾರು ಕೈಯವನೊಬ್ಬ ಬೆಟ್ಟದಷ್ಟು ಕೆಲಸ ಮಾಡುತ್ತಾನೆ. ಕೊನೆಗೆ ಹದಿನೈದು ಕೈ ಸುಮ್ಮನಿರುತ್ತವೆ, ಕೆಲಸ ಮಾತ್ರ ಮುಗಿಯುವುದಿಲ್ಲ. ಏನು ಮಾಡಬೇಕು? ನಿನ್ನೆ ಒಬ್ಬ ಅಡಿಗೆಯವನು ಮೊದಲೆರಡನ್ನು ಬಿಡಿಸಿ ಇಲ್ಲಿ ಎಡವಿದ. ಇನ್ನೂ ಕೈ ಸೇರಿಸಿ ಅಂದ.”

ಲಕ್ಕನಿಗೆ ಗುರುತು ಸಿಕ್ಕಿತು. ಅಣ್ಣನ ಮಾತೇ! ಮದುವೆ ಅಡಿಗೆ ತಡವಾದಾಗಲೆಲ್ಲ ‘ಕೈ ಸೇರಿಸ್ರೋ’ ಅಂತ ಕೂಗುತ್ತಿದ್ದವನು ಅವನು. ತರಕಾರಿ ಹೆಚ್ಚಲು ಎಷ್ಟು ಜನ ಕೂತರೂ, ಕೊನೆಗೆ ಕೊಪ್ಪರಿಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದವನು ಅವನೊಬ್ಬನೇ. ಮಿಕ್ಕವರು ಕೈಕಟ್ಟಿ ನೋಡುತ್ತಿದ್ದರು. ಅಯ್ಯೋ, ತನ್ನ ಕೈಯ ಬೆಲೆ ಅವನಿಗೇ ಹೊಳೆಯಲಿಲ್ಲವಲ್ಲ ಅಂತ ಲಕ್ಕನಿಗೆ ಅಳು ಬಂತು.

“ಕೈ ಸೇರಿಸಿ ಫಲವಿಲ್ಲ ಬುದ್ಧಿ. ಹೆಚ್ಚೋಕೆ ಎಷ್ಟು ಕೈಯಾದರೂ ಇರಲಿ, ಒಗ್ಗರಣೆಗೆ ಒಂದೇ ಕೈ. ಆ ಕೈ ಚುರುಕಾಗಿರಬೇಕು.”

“ಸರಿಯಾಗಿ ಹೇಳಿದ, ಅಪ್ಪಾಜಿ!” ಅಂದಳು ಕುವರಿ. “ಡಬ್ಬಿ ಅಂದರೆ ಪ್ರೊಸೆಸರಿನ ಒಳಗೇ ಇರುವ ಕ್ಯಾಶ್ ಮೆಮೊರಿ. ಬೀಸಣಿಗೆ ಅದರ ಮೇಲಿನ ಫ್ಯಾನು. ಕೈಗಳು ಅಂದರೆ ಕೋರ್‌ಗಳು. ನನ್ನ ಪ್ರೋಗ್ರಾಮಿನ ತುಂಡುಗಳನ್ನು ಅವು ಹಂಚಿಕೊಂಡು ಕಂಪೈಲ್ ಮಾಡುತ್ತವೆ, ಅಂದರೆ ಯಂತ್ರದ ಭಾಷೆಗೆ ಇಳಿಸುತ್ತವೆ. ಕೊನೆಗೆ ಎಲ್ಲವನ್ನೂ ಜೋಡಿಸುವಾಗ ದುಡಿಯುವುದು ಒಂದೇ ಕೋರು.”

ಕುವರಿ ತಟ್ಟೆಯಲ್ಲಿ ಎರಡು ಪ್ರೊಸೆಸರ್ ತರಿಸಿ ಎರಡರ ಗುಣವನ್ನೂ ಹೇಳಿದಳು. ಹೆಚ್ಚು ಕೋರಿನ ಮಂದಗತಿಯದನ್ನು ಬಿಟ್ಟು, ಕಡಿಮೆ ಕೋರಿನ ಚುರುಕಾದದ್ದನ್ನು ಲಕ್ಕ ಎತ್ತಿಕೊಟ್ಟ.

“ಏನು ಬೇಕೋ ಕೇಳು,” ಅಂದ ದೊರೆ.

“ನಿನ್ನೆಯ ಆ ಅಡಿಗೆಯವನು ನಮ್ಮಣ್ಣ, ಬುದ್ಧಿ. ಅವನನ್ನು ಬಿಟ್ಟುಬಿಡಿ, ಸಾಕು.”

ದೊರೆ ಸಿಂಹಾಸನದ ತೋಳು ಸವರುತ್ತ, “ಅವನ ಶಿಕ್ಷೆ ನಿನ್ನೆ ಸಂಜೆಯೇ ಆಗಿಹೋಯಿತಪ್ಪ. ಬೇರೇನಾದರೂ ಕೇಳು,” ಅಂದ. ಬಾಗಿಲ ಮುದುಕ ನಿಜ ಹೇಳಲಾರದೆ ಸುಳ್ಳು ಹೇಳಿದ್ದ. ಲಕ್ಕ ಬೇರೇನು ಕೇಳಿಯಾನು?

ಕೇಳದಿದ್ದರೂ ಅರಮನೆಯ ಅಡಿಗೆಮನೆ ಕೊಟ್ಟರು, ಬೇಕಾದಷ್ಟು ಆಳು ಕೊಟ್ಟರು. ಕುವರಿಯ ಕಂಪ್ಯೂಟರು ಈಗ ಕಾಫಿ ಬರುವಷ್ಟರಲ್ಲಿ ಕೆಲಸ ಮುಗಿಸುತ್ತದಂತೆ. ಇತ್ತ ಕೊಪ್ಪರಿಗೆಯಲ್ಲಿ ಸಾರು ಕುದಿಯುತ್ತದೆ, ಎಣ್ಣೆ ಕಾಯುತ್ತದೆ. ಲಕ್ಕ ಹಿಂದಕ್ಕೆ ತಿರುಗಿ, “ಅಣ್ಣಾ, ಬಾ” ಅಂತಾನೆ. ಆಳುಗಳೆಲ್ಲ ಕೈಕಟ್ಟಿ ನಿಂತಿರುತ್ತಾರೆ.